ಕರಿ ಬ್ಯಾಗು ಮತ್ತು ‘ದಿಸ್ ಈಸ್ ಎ ಪೆನ್’

ಮೊನ್ನೆ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ. ಮೇಲಿನ ಮಹಡಿಯ ಹುಡುಗ ಬಂದ. ಕೊಪ್ಪಳದ ಕಡೆಯವನು. ನಮ್ಮ ಓಲ್ಡ್ ರಾಜಿಂದರ್ ನಗರದ ಕಥೆ ನಿಮಗೆ ಗೊತ್ತಲ್ಲ, ಯಾವ ಮನೆಯ ಬಾಗಿಲು ತಟ್ಟಿದರೂ ಒಳಗೆ ಯುಪಿಎಸ್‌ಸಿಗೆ ಓದುವ ನಾಲ್ಕು ಜನ ಇರುತ್ತಾರೆ. ಅವರಲ್ಲಿ ಆಗಾಗ ನಮ್ಮವರೂ ಸಿಗುತ್ತಾರೆ. ಇವನು ಡಿಗ್ರಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು, ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯುತ್ತೇನೆ ಎಂಬ ಹಠದವನು.

“ಸರ್ರ, ಬ್ಯಾಗ್ ಕಳಕೊಂಡೇನ್ರಿ. ಈ ಫಾರ್ಮ್ ಒಂದೀಟು ನೋಡ್ರಿ” ಅಂದ.

ಕಳೆದ ಸಾಮಾನಿಗೆ ಕೊಡುವ ಅರ್ಜಿ. ಹೆಸರು, ವಿಳಾಸ, ಫೋನು ಎಲ್ಲ ಚೆಂದಾಗಿ ತುಂಬಿದ್ದ. ಅದರಲ್ಲೊಂದು ಕಾಲಂ, ‘ಡಿಸ್ಕ್ರಿಪ್ಶನ್ ಆಫ್ ದಿ ಆರ್ಟಿಕಲ್’. ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದರು. ಇವನು ಬರೆದದ್ದು ಎರಡೇ ಶಬ್ದ: ‘ಬ್ಲ್ಯಾಕ್ ಬ್ಯಾಗ್’. ಕೌಂಟರಿನವನು ಹಿಂದಿನ ಕಪಾಟು ತೋರಿಸಿ, ಇಲ್ಲಿರುವುದೆಲ್ಲ ಕರಿ ಬ್ಯಾಗೇ, ನಿನ್ನದು ಯಾವುದು ಅಂತ ಸರಿಯಾಗಿ ಬರೆದುಕೊಂಡು ಬಾ ಅಂದನಂತೆ.

ನಾನು ಕನ್ನಡದಲ್ಲಿ ಕೇಳಿದೆ, ಹೆಂಗಿತ್ತಪ್ಪ ನಿನ್ನ ಬ್ಯಾಗು?

“ಎಡಗಡೆ ಪಟ್ಟಿ ಹರಿದಿತ್ರಿ, ನಮ್ಮವ್ವ ಕೆಂಪು ದಾರದಾಗ ಹೊಲದಾಳ. ಮುಂದಿನ ಜಿಪ್ಪಿನ ಹಿಡಿ ಕಿತ್ತು ಹೋಗೇತಿ, ಅದಕ್ಕ ಸೇಫ್ಟಿ ಪಿನ್ನ ಹಾಕೇನ್ರಿ. ತಳಕ್ಕ ಇಂಕ್ ಚೆಲ್ಲಿದ ಕಲೆ ಐತಿ. ಒಳಗ ಸೇಂಗಾ ಹಿಂಡಿ ಡಬ್ಬಿ ಐತ್ರಿ, ಸ್ಟೀಲಿಂದು, ಮುಚ್ಚಳದ ಮ್ಯಾಲೆ ನಮ್ಮಕ್ಕನ ಹೆಸರು ಕೊರೆಸೇತಿ.”

ಸಾವಿರ ಬ್ಯಾಗಿನ ನಡುವೆ ಇಟ್ಟರೂ ಆ ಬ್ಯಾಗನ್ನು ನಾನೇ ಹುಡುಕಿ ತೆಗೆಯುತ್ತಿದ್ದೆ! ಇದೇ ಹುಡುಗ ಸಂವಿಧಾನದ ವಿಧಿಗಳನ್ನು ಇಂಗ್ಲಿಷಿನಲ್ಲಿ ಓದಿ ನನಗೆ ಅರ್ಥ ಹೇಳುತ್ತಾನೆ. ಆದರೆ ಬೆನ್ನ ಮೇಲೆ ಮೂರು ವರ್ಷ ಹೊತ್ತ ಚೀಲಕ್ಕೆ ಇಂಗ್ಲಿಷಿನಲ್ಲಿ ಅವನ ಬಳಿ ಎರಡು ಶಬ್ದ. ನಗು ಬರಲಿಲ್ಲ, ಯಾಕೆಂದರೆ ನನ್ನದೂ ಅದೇ ಕಥೆ. ಎಂಟು ಹತ್ತು ವರ್ಷ ಇಂಗ್ಲಿಷ್ ಕಲಿತೂ ನಾವು ಹೀಗೇಕೆ ಉಳಿದೆವು ಎಂದು ಹುಡುಕುತ್ತಾ ಹೋದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ.

ಕಣ್ಣಮುಂದಿನ ವಸ್ತು ತೋರಿಸಿ ಭಾಷೆ ಕಲಿಸುವ ಉಪಾಯ ಹಳೆಯದು. 1658ರಲ್ಲಿ ಕೊಮೇನಿಯಸ್ ಎಂಬ ಪಾದ್ರಿ ನ್ಯೂರೆಂಬರ್ಗಿನಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪುಸ್ತಕ ಅಚ್ಚು ಹಾಕಿಸಿದ. ಚಿತ್ರದಲ್ಲಿರುವ ಒಂದೊಂದು ಸಾಮಾನಿಗೂ ಒಂದು ಅಂಕಿ, ಪಕ್ಕದಲ್ಲಿ ಅದೇ ಅಂಕಿಗೆ ಲ್ಯಾಟಿನ್ ಮತ್ತು ಜರ್ಮನ್ ಶಬ್ದ. ನಮ್ಮ ಮಕ್ಕಳ ಚಿತ್ರಪುಸ್ತಕಗಳೆಲ್ಲ ಅದರ ಮರಿಮಕ್ಕಳೇ.

ಮುಂದೆ ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿ, ಚಿತ್ರ ಯಾಕೆ, ವಸ್ತುವನ್ನೇ ಮಗುವಿನ ಎದುರಿಗೆ ಇಡಿ ಅಂದ. ಅವನ ಶಾಲೆ ನೋಡಿ ಬಂದ ಚಾರ್ಲ್ಸ್ ಮೇಯೊ ಎಂಬ ಇಂಗ್ಲಿಷಿನವನ ತಂಗಿ ಎಲಿಜಬೆತ್ ಮೇಯೊ 1830ರಲ್ಲಿ ‘ಲೆಸನ್ಸ್ ಆನ್ ಆಬ್ಜೆಕ್ಟ್ಸ್’ ಎಂಬ ಪುಸ್ತಕ ಬರೆದಳು. ಮೊದಲ ಪಾಠವೇ ಗಾಜು. ಗಾಜಿನ ಚೂರನ್ನು ಮಕ್ಕಳ ಕೈಯಿಂದ ಕೈಗೆ ದಾಟಿಸಬೇಕು. ಅವರು ಮುಟ್ಟಿ ನೋಡಿ ತಾವೇ ಹೇಳಬೇಕು, ಇದು ತಣ್ಣಗಿದೆ, ನುಣುಪಾಗಿದೆ, ಗಟ್ಟಿಯಾಗಿದೆ, ಆಚೆಯದು ಕಾಣುತ್ತದೆ ಎಂದು. ಅನುಭವ ಮೊದಲು, ಅದಕ್ಕೊಂದು ಶಬ್ದ ಬೇಕು ಅನ್ನಿಸಿದ ಮೇಲೆ ಶಬ್ದ. ಎಷ್ಟು ಒಳ್ಳೆಯ ಉಪಾಯ ನೋಡಿ.

ಆದರೆ ಸ್ಕೂಲುಗಳ ಕೈಗೆ ಸಿಕ್ಕ ಒಳ್ಳೆಯ ಉಪಾಯ ಏನಾಗುತ್ತದೆ ಅಂತ ನಮಗೆ ಗೊತ್ತಿದ್ದದ್ದೇ. ಗಾಜು ಕೈಬಿಟ್ಟು ಹೋಯಿತು, ಗುಣಗಳ ಪಟ್ಟಿ ಉಳಿಯಿತು. 1854ರಲ್ಲಿ ಡಿಕನ್ಸ್ ತನ್ನ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಇಂಥ ಕ್ಲಾಸನ್ನೇ ಗೇಲಿ ಮಾಡಿದ್ದಾನೆ. ಕುದುರೆ ಎಂದರೇನು ಎಂದು ಕೇಳಿದಾಗ ಸರ್ಕಸ್ಸಿನಲ್ಲಿ ಕುದುರೆಗಳ ನಡುವೆಯೇ ಬೆಳೆದ ಹುಡುಗಿಗೆ ಉತ್ತರ ಬರುವುದಿಲ್ಲ. ಇನ್ನೊಬ್ಬ ಹುಡುಗ ನಾಲ್ಕು ಕಾಲು, ಹಲ್ಲು ಇಷ್ಟು ಎಂದು ಗಿಳಿಪಾಠ ಒಪ್ಪಿಸಿ ಶಭಾಷ್ ಅನ್ನಿಸಿಕೊಳ್ಳುತ್ತಾನೆ. ಅದೇ 1854ರಲ್ಲಿಯೇ ಇಂಡಿಯಾಕ್ಕೆ ಚಾರ್ಲ್ಸ್ ವುಡ್‌ನ ಶಿಕ್ಷಣದ ಫರ್ಮಾನು ಬಂದದ್ದು, ನಮ್ಮ ಇಂಗ್ಲಿಷ್ ಶಿಕ್ಷಣದ ವ್ಯವಸ್ಥೆಗೆ ಒಂದು ಆಕಾರ ಬಂದದ್ದು ಎಂಬುದು ನೆನಪಿರಲಿ.

ಬ್ರಿಟಿಷರ ಕಾಲದ ನಮ್ಮ ಶಾಲೆಗಳಿಗೂ ಇದು ಬಂತು. ‘ವಸ್ತುಪಾಠ’ ಎನ್ನುತ್ತಿದ್ದರು. ನಮ್ಮ ಅಜ್ಜ ಒಂಟೆಯ ಮೇಲಿನ ವಸ್ತುಪಾಠವನ್ನು ಎಪ್ಪತ್ತರ ವಯಸ್ಸಿನಲ್ಲೂ ಒಂದು ಶಬ್ದ ತಪ್ಪದೆ ಹೇಳುತ್ತಿದ್ದರು. ಒಂಟೆ ನೋಡಿದ್ದೀರಾ ಅಜ್ಜ ಎಂದರೆ, ಇಲ್ಲೋ ತಮ್ಮಾ, ಗದಗಿನಾಗ ಎಲ್ಲಿ ಒಂಟಿ? ಅನ್ನುತ್ತಿದ್ದರು.

ಇನ್ನೊಂದು ಕಡೆಯಿಂದ ‘ಡೈರೆಕ್ಟ್ ಮೆಥಡ್’ ಬಂತು. ಅದರ ಹುಟ್ಟಿನ ಬಗ್ಗೆ ಒಂದು ಮಜಾ ಕಥೆ ಹೇಳುತ್ತಾರೆ. 1878ರ ಸುಮಾರಿಗೆ ಅಮೆರಿಕದಲ್ಲಿ ಬರ್ಲಿಟ್ಜ್ ಎಂಬ ಭಾಷಾ ಶಿಕ್ಷಕ ಕಾಯಿಲೆ ಬಿದ್ದ. ಅವನು ಕರೆಸಿಕೊಂಡ ಸಹಾಯಕ ಫ್ರೆಂಚಿನವನು, ಇಂಗ್ಲಿಷ್ ಬಿಲ್ಕುಲ್ ಬರುತ್ತಿರಲಿಲ್ಲ. ಬೇರೆ ದಾರಿ ಇಲ್ಲದೆ ಅವನು ಕುರ್ಚಿ, ಮೇಜು, ಟೋಪಿ ಎಂದು ಬೆರಳು ಮಾಡಿ ತೋರಿಸಿಯೇ ಫ್ರೆಂಚ್ ಕಲಿಸಿದ. ಬರ್ಲಿಟ್ಜ್ ಎದ್ದು ಬಂದು ನೋಡಿದರೆ ಮಕ್ಕಳು ಹುರುಪಿನಿಂದ ಫ್ರೆಂಚ್ ಮಾತಾಡುತ್ತಿದ್ದಾರೆ! ನಮ್ಮ ಕಡೆ ಈ ಪದ್ಧತಿಯನ್ನು ಎತ್ತಿ ಹಿಡಿದವರಲ್ಲಿ ಪಿ. ಸಿ. ರೆನ್ ಒಬ್ಬ. ಹೌದು, ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣದ ಅದೇ ರೆನ್. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವನು. ನಮ್ಮ ಧಾರವಾಡವೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ನೇರವಾಗಿ, ಮಾತಾಡಿಸಿ ಕಲಿಸಿ ಎಂದು ಪುಸ್ತಕ ಬರೆದವನು ಕೊನೆಗೆ ನಮ್ಮ ತಲೆಯಲ್ಲಿ ಉಳಿದದ್ದು ವ್ಯಾಕರಣದ ದಪ್ಪ ಪುಸ್ತಕದಿಂದ.

1930ರಲ್ಲಿ ಆಗ್ಡನ್ ಎಂಬ ಕೇಂಬ್ರಿಜ್ ಪಂಡಿತ 850 ಶಬ್ದಗಳ ‘ಬೇಸಿಕ್ ಇಂಗ್ಲಿಷ್’ ಮಾಡಿದ. ಅದರಲ್ಲಿ 200 ಶಬ್ದ ಚಿತ್ರ ಬರೆದು ತೋರಿಸಬಹುದಾದ ವಸ್ತುಗಳದ್ದು. ಕೊಡೆ ಇದೆ, ನೇಗಿಲಿದೆ, ಸಂತೋಷ. ಕೈಗವಸು, ಸ್ಟಾಕಿಂಗ್, ಚೀಸ್ ಕೂಡ ಇವೆ. ತೆಂಗಿನಕಾಯಿ ಇಲ್ಲ! ಪಟ್ಟಿ ಮಾಡುವವನ ಮನೆಯಲ್ಲಿ ಏನಿದೆಯೋ ಅದೇ ಜಗತ್ತಿನ ‘ದಿನಬಳಕೆಯ ವಸ್ತು’.

ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ, ದಕ್ಷಿಣದಲ್ಲಿ ಮದ್ರಾಸಿನ ಕಡೆಯಿಂದ ‘ಸ್ಟ್ರಕ್ಚರಲ್ ಅಪ್ರೋಚ್’ ಹಬ್ಬಿತು. ಇಂಗ್ಲಿಷಿನ ವಾಕ್ಯಗಳನ್ನು ಅಚ್ಚುಗಳಾಗಿ ವಿಂಗಡಿಸಿ, ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂದು ಒಂದೊಂದೇ ಅಚ್ಚನ್ನು ತಿದ್ದಿಸುವುದು. ಮಾಸ್ತರರನ್ನು ತಯಾರು ಮಾಡಲು 1958ರಲ್ಲಿ ಹೈದರಾಬಾದಿನಲ್ಲೂ 1963ರಲ್ಲಿ ಬೆಂಗಳೂರಿನಲ್ಲೂ ಇಂಗ್ಲಿಷ್ ಸಂಸ್ಥೆಗಳಾದವು. ಬೆಂಗಳೂರಿನದು ಆಗ ದಕ್ಷಿಣದ ನಾಲ್ಕು ರಾಜ್ಯಗಳಿಗೆ ಸೇರಿತ್ತು.

ಕನ್ನಡ ಶಾಲೆಗಳಲ್ಲಿ ಆಗ ಐದನೇ ಇಯತ್ತೆಯಿಂದ ಇಂಗ್ಲಿಷ್. ಒಂದನೇ ಇಯತ್ತೆಗೆ ಬಂದದ್ದು 2007ರಲ್ಲಿ. ನಾನು ಐದನೆಯದಕ್ಕೆ ಬಂದದ್ದು 1979ರಲ್ಲಿ. ನಮ್ಮ ಇಂಗ್ಲಿಷ್ ಮಾಸ್ತರರು ಬಹಳ ಒಳ್ಳೆಯವರು, ಹೊಸ ಪದ್ಧತಿಯ ತರಬೇತಿ ಆದವರು. ಜೇಬಿನಿಂದ ಪೆನ್ನು ತೆಗೆದು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಅನ್ನುತ್ತಿದ್ದರು. ನಲವತ್ತೆಂಟು ಗಂಟಲು ಒಟ್ಟಿಗೆ ‘ದಿಸ್ ಈಸ್ ಎ ಪೆನ್!’ ಆಮೇಲೆ ‘ವಾಟ್ ಈಸ್ ದಿಸ್?’ ಮತ್ತೆ ಅದೇ. ನನ್ನ ಪಕ್ಕ ಕೂರುತ್ತಿದ್ದವನು ಒಮ್ಮೆ ಮೆಲ್ಲಗೆ, ಪೆನ್ನು ಅಂತ ಮಾಸ್ತರರಿಗೆ ಗೊತ್ತೈತಿ, ನಮಗೂ ಕಾಣತೈತಿ, ಮತ್ಯಾಕ ಕೇಳ್ತಾರ? ಅಂದ. ನಾನು ನಕ್ಕು ಬೆತ್ತದ ರುಚಿ ನೋಡಿದೆ.

ಅವನ ಪ್ರಶ್ನೆ ಎಂಥಾದ್ದು ಅಂತ ಗೊತ್ತಾಗಲು ನನಗೆ ಮೂವತ್ತು ವರ್ಷ ಬೇಕಾಯಿತು. ಎನ್. ಎಸ್. ಪ್ರಭು ಎಂಬುವರ 1987ರ ಪುಸ್ತಕ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ದರಿಯಾಗಂಜಿನ ಭಾನುವಾರದ ಪುಸ್ತಕದ ಸಂತೆಯಲ್ಲಿ ಸಿಕ್ಕಿತು. ಬಿಕಾಂ ಓದಿದವನಿಗೆ ಇದೆಲ್ಲ ಯಾಕೆ ಎಂದು ನಮ್ಮ ಮನೆಯವಳು ಕೇಳಿದಳು. ಓದಿದರೆ ಏನು ಗೊತ್ತೇ? ನಾವು ಗದಗಿನಲ್ಲಿ ಪೆನ್ನು ಪೆನ್ನು ಎಂದು ಕೂಗುತ್ತಿದ್ದ ಅದೇ 1979ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಈ ಪ್ರಭು ಅವರು ಬೆಂಗಳೂರಿನ ಆ ಸಂಸ್ಥೆಯವರನ್ನು ಜೊತೆಗೆ ಕಟ್ಟಿಕೊಂಡು, ಬೆಂಗಳೂರು, ಮದ್ರಾಸು, ಕಡಲೂರಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ಬೇರೆಯೇ ಪಾಠ ಶುರು ಮಾಡಿದ್ದರು. 1984ರವರೆಗೆ ನಡೆಯಿತು. ಭಾಷಾ ಶಿಕ್ಷಣದವರ ನಡುವೆ ಜಗತ್ತಿನಲ್ಲೆಲ್ಲ ಅದು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಬೆಂಗಳೂರಿನವರಿಗೇ ಗೊತ್ತಿಲ್ಲ ಬಿಡಿ.

ಅಲ್ಲಿ ವಾಕ್ಯದ ಅಚ್ಚು ತಿದ್ದಿಸುತ್ತಿರಲಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು, ಹೇಳಿದಂತೆ ಆಕೃತಿ ಬರೆಯಿಸುವುದು. ಉತ್ತರ ಹುಡುಕುವ ಗಡಿಬಿಡಿಯಲ್ಲಿ ಇಂಗ್ಲಿಷ್ ತಾನಾಗಿ ಒಳಗೆ ಇಳಿಯಲಿ ಎಂಬ ಲೆಕ್ಕ. ಅದರಲ್ಲಿ ಒಂದು ಬಗೆಗೆ ಅವರು ‘ಇನ್‌ಫರ್ಮೇಶನ್ ಗ್ಯಾಪ್’ ಎಂದು ಹೆಸರಿಟ್ಟಿದ್ದಾರೆ. ಒಬ್ಬನಿಗೆ ಗೊತ್ತಿರಬೇಕು, ಇನ್ನೊಬ್ಬನಿಗೆ ಗೊತ್ತಿರಬಾರದು, ಆಗ ಮಾತಿಗೆ ಕೆಲಸ ಬರುತ್ತದೆ. ನನ್ನ ಪಕ್ಕದವನು ಬೆತ್ತಕ್ಕೆ ಹೆದರಿ ಮೆಲ್ಲಗೆ ಹೇಳಿದ್ದೂ ಅದನ್ನೇ ಅಲ್ಲವೇ? ಎಲ್ಲರ ಕಣ್ಣಿಗೂ ಕಾಣುವ ಪೆನ್ನನ್ನು ವರ್ಣಿಸುವ ಅಗತ್ಯ ಯಾರಿಗಿದೆ? ಕಾಣದ ಬ್ಯಾಗನ್ನು ವರ್ಣಿಸಬೇಕು.

ಆಮೇಲೆ ಇಬ್ಬರು ವಿದ್ವಾಂಸರು ಬಂದು ಆ ಮಕ್ಕಳನ್ನೂ ಹಳೆ ಪದ್ಧತಿಯ ಮಕ್ಕಳನ್ನೂ ಪರೀಕ್ಷೆ ಮಾಡಿ ನೋಡಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳಬರು ಮುಂದೆ, ಅರ್ಥ ಮಾಡಿಕೊಂಡು ಕೆಲಸ ಮಾಡುವುದರಲ್ಲಿ ಹೊಸಬರು ಮುಂದೆ. ಅಂದರೆ ಯಾವುದನ್ನು ಕಲಿಸಿದರೋ ಅದು ಬಂತು. ಹಾಗಾಗಿ ಪ್ರಭು ಅವರ ಪದ್ಧತಿಯೇ ಸಂಜೀವಿನಿ ಎಂದು ನಾನು ಹೇಳಲಾರೆ. ಐವತ್ತು ಮಕ್ಕಳ ಕ್ಲಾಸು, ತನಗೇ ಇಂಗ್ಲಿಷಿನ ಭಯ ಇರುವ ಮಾಸ್ತರು, ಅವರ ಕೈಗೆ ಅಚ್ಚಿನ ವಾಕ್ಯವಾದರೂ ಒಂದು ಊರುಗೋಲು. ಆದರೆ ನಮಗೆ ಊರುಗೋಲು ಮಾತ್ರ ಸಿಕ್ಕಿತು, ಮೇಯೊಳ ಗಾಜಿನ ಚೂರು ಸಿಗಲಿಲ್ಲ.

ಇನ್ನೊಂದು ತೊಡಕು ನಮ್ಮ ಭಾಷೆಯದ್ದೇ. ಕನ್ನಡದಲ್ಲಿ ವರ್ಣನೆಯನ್ನೆಲ್ಲ ವಸ್ತುವಿನ ಮುಂಚೆಯೇ ಪೇರಿಸುತ್ತೇವೆ. ‘ಅವ್ವ ಕೆಂಪು ದಾರದಲ್ಲಿ ಹೊಲಿದ, ಜಿಪ್ಪು ಕಿತ್ತು ಹೋದ ಕರಿ ಬ್ಯಾಗು.’ ಬ್ಯಾಗು ಕೊನೆಗೆ ಬರುತ್ತದೆ. ಇಂಗ್ಲಿಷಿನವನು ಬಣ್ಣ, ಅಳತೆಯಂಥ ಸಣ್ಣಪುಟ್ಟದ್ದನ್ನು ಮೊದಲು ಹೇಳಿ, ಬ್ಯಾಗನ್ನು ನಡುವೆ ಇಟ್ಟು, ಉದ್ದನೆಯದನ್ನೆಲ್ಲ ಹಿಂದಕ್ಕೆ ನೇತು ಹಾಕುತ್ತಾನೆ, ‘ವಿದ್’ ಎಂದೋ ‘ವಿಚ್’ ಎಂದೋ ಒಂದು ಕೊಕ್ಕೆ ಹಾಕಿ. ಆ ಕೊಕ್ಕೆಗಳು ಕೈಗೆ ಸಿಕ್ಕುವವರೆಗೆ ನಮ್ಮ ಹುಡುಗರು ‘ಬ್ಲ್ಯಾಕ್ ಬ್ಯಾಗ್’ಗೆ ಬಂದು ನಿಲ್ಲುತ್ತಾರೆ. ಯಾವ ಮಾಸ್ತರರೂ ನಮಗೆ ಇದನ್ನು ಹೀಗೆ ಬಿಡಿಸಿ ಹೇಳಲಿಲ್ಲ.

ನನಗೆ ಕಲಿಸಿದ್ದು ಬ್ಯಾಂಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತೀರಿಕೊಂಡ ಗ್ರಾಹಕರೊಬ್ಬರ ಲಾಕರ್ ತೆರೆದು, ವಾರಸುದಾರರ ಎದುರಿಗೆ ಪಟ್ಟಿ ಬರೆಯುವ ಕೆಲಸ ನನಗೆ ಬಿತ್ತು. ‘ಗೋಲ್ಡ್ ಬ್ಯಾಂಗಲ್ಸ್, ಟೂ’ ಎಂದು ಬರೆದೆ. ಮ್ಯಾನೇಜರು ಹಾಳೆಯನ್ನು ಹರಿದೇ ಹಾಕಿದರು. “ಬಂಗಾರ ಅಂತ ನಿನಗೆ ಯಾರು ಹೇಳಿದರು? ಪರೀಕ್ಷೆ ಮಾಡಿದಿಯಾ? ಕಣ್ಣಿಗೆ ಕಂಡದ್ದಷ್ಟೇ ಬರಿ.” ಆವತ್ತು ಸಂಜೆಯವರೆಗೆ ಕೂತು ಬರೆದೆ: ಹಳದಿ ಬಣ್ಣದ ಲೋಹದ ಬಳೆ, ಎರಡು, ಒಂದರ ಮೇಲೆ ಬಳ್ಳಿಯ ಕೆತ್ತನೆ, ಇನ್ನೊಂದು ಸಾದಾ, ಅಂಚಿನಲ್ಲಿ ತಗ್ಗು. ಇಬ್ಬರು ಮಕ್ಕಳು ಎದುರಿಗೆ ಕೂತು ಒಂದೊಂದು ಶಬ್ದವನ್ನೂ ಕೇಳುತ್ತಿದ್ದರು, ನಾಳೆ ಜಗಳ ಬಂದರೆ ನನ್ನ ಆ ಇಂಗ್ಲಿಷೇ ಸಾಕ್ಷಿ. ಭಯದಲ್ಲಿ ಕಲಿತ ‘ವಿದ್’ ಇವತ್ತಿಗೂ ಮರೆತಿಲ್ಲ.

ಈ ಕಾಲೋನಿಗೂ ವಿವರದ ಕಾಲಂ ಹೊಸದಲ್ಲ. ದೇಶ ಒಡೆದಾಗ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗೆಂದು ಕಟ್ಟಿದ ಬಡಾವಣೆ ಇದು. 1950ರ ಕಾಯಿದೆಯಂತೆ ಅವರು ಬಿಟ್ಟು ಬಂದ ಮನೆ, ಜಮೀನಿನ ಕ್ಲೇಮು ಸಲ್ಲಿಸಬೇಕಿತ್ತು, ಪರಿಹಾರದ ಕಾಯಿದೆ 1954ರಲ್ಲಿ ಬಂತು. ನಮ್ಮ ಮನೆಯ ಮಾಲೀಕರಾದ ಬೀಜಿಗೆ ಈಗ ಎಂಬತ್ತು ದಾಟಿದೆ. ಅವರ ತಂದೆ ಲಾಯಲ್‌ಪುರದ ಮನೆಯ ಬಗ್ಗೆ ಇಂಗ್ಲಿಷ್ ಬಲ್ಲ ಮುನ್ಶಿಯೊಬ್ಬನಿಗೆ ಹೇಳಿ ಬರೆಸಿದರಂತೆ. ತಂದೆ ಹೇಳುವಾಗ ಅಂಗಳದ ಬೇರಿ ಮರ, ತಾಯಿ ರೊಟ್ಟಿ ಸುಡುತ್ತಿದ್ದ ತಂದೂರು ಎಲ್ಲ ಬಂತು. ಮುನ್ಶಿ ಬರೆದದ್ದು ಇಷ್ಟು ಕೋಣೆ, ಪಕ್ಕಾ ಗೋಡೆ, ಮಾಳಿಗೆ ಎಂದು. “ಬೇರಿ ಮರಕ್ಕೆ ಯಾರು ದುಡ್ಡು ಕೊಡುತ್ತಾರೆ ಪುತ್ತರ್” ಅಂತ ಬೀಜಿ ಈಗಲೂ ನಗುತ್ತಾರೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ನಾನು ಬರೆದುಕೊಡಲಿಲ್ಲ. ಮುಂದೆ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಕಡ್ಡಾಯ ಇಂಗ್ಲಿಷ್ ಪತ್ರಿಕೆ ಇದೆ. ಅದರಲ್ಲಿ ಶೇಕಡಾ 25 ಬಾರದಿದ್ದರೆ ಕನ್ನಡದಲ್ಲಿ ಬರೆದ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲಿ ನಾನು ಹೋಗಿ ಬರೆಯಲಾದೀತೇ? ಒಂದು ಆಟ ಆಡಿದೆವು. ಅವನು ನನಗೆ ಬೆನ್ನು ಮಾಡಿ ಕೂತು ಬ್ಯಾಗಿನ ವಿವರ ಹೇಳುವುದು, ನಾನು ಕೇಳಿದಷ್ಟನ್ನೇ ಕಾಗದದ ಮೇಲೆ ಚಿತ್ರ ಬರೆಯುವುದು. ಅವನು ‘ರೆಡ್ ಥ್ರೆಡ್’ ಅಂದ, ನಾನು ಪಕ್ಕದಲ್ಲೊಂದು ದಾರದ ಉಂಡೆ ಬರೆದೆ. ಹಿಂತಿರುಗಿ ನೋಡಿ ನಕ್ಕು ತಿದ್ದಿಕೊಂಡ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಾಲು ತುಂಬಿತು. ಒಂದೆರಡು ‘ಎ’, ‘ದಿ’ ತಪ್ಪಿದ್ದವು, ತಿದ್ದಲಿಲ್ಲ.

ಬುಧವಾರ ಬ್ಯಾಗು ಸಿಕ್ಕಿತು. ಕೌಂಟರಿನವನು ಕೆಂಪು ದಾರ ನೋಡಿ, ಪಿನ್ನು ನೋಡಿ, ಡಬ್ಬಿ ತೆಗೆಸಿ, ಇದೇನು ಎಂದು ಮೂಸಿ ನೋಡಿದನಂತೆ. ಸೇಂಗಾ ಹಿಂಡಿಯನ್ನು ಹಿಂದಿಯಲ್ಲಿ ಹೇಳುವುದರಲ್ಲಿ ಇವನಿಗೆ ಸಾಕಾಯಿತಂತೆ. ಅರ್ಧ ಡಬ್ಬಿ ನಮ್ಮ ಮನೆಗೆ ಕೊಟ್ಟು ಹೋಗಿದ್ದಾನೆ.