ಚಳಿಗೆ ಹೆದರಿದ್ದು ಡೀಸೆಲ್ಲೋ, ಕಾರೋ?

ಚಳಿ ಬಿದ್ದರೆ ಡೀಸೆಲ್ ಗಾಡಿ ಹಠ ಹಿಡಿಯುತ್ತದೆ ಎಂಬುದು ಬಹುಕಾಲದ ದೂರು. ಎಂಜಿನ್ನಿನ ಹೀಟರ್ ಕಾಯುವವರೆಗೆ ಸ್ಟೀರಿಂಗ್ ಮುಂದೆ ಸುಮ್ಮನೆ ಕೂರಬೇಕಾಗಿದ್ದ ಆ ಹೊತ್ತಿಗೆ ಜರ್ಮನರು ಆ ಎಂಜಿನ್ನಿನ ಜನಕನ ಹೆಸರಿನಲ್ಲಿ ‘ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ’ ಎಂದು ಹೆಸರಿಟ್ಟು ನಗುತ್ತಿದ್ದರು. ಅಲ್ಲಿನ ಚಳಿಗಾಲದ ಬೆಳಗಿನಲ್ಲಿ ಹಳೆಯ ಮರ್ಸಿಡಿಸ್ ಟ್ಯಾಕ್ಸಿಗೆ ಈ ನಿಮಿಷ ನಿಜಕ್ಕೂ ಒಂದು ನಿಮಿಷದಷ್ಟೇ ಹಿಡಿಯುತ್ತಿತ್ತು. ತಮಾಷೆ ಚೆನ್ನಾಗಿದೆ, ಆದರೆ ಅಪವಾದ ಹೊತ್ತವನು ತಪ್ಪಿತಸ್ಥನಲ್ಲ. ಚಳಿಯಲ್ಲಿ ಹೊತ್ತಿಕೊಳ್ಳದಿರುವುದು ಡೀಸೆಲ್ ಎಂಜಿನ್ನಿನ ಹುಟ್ಟುಗುಣಕ್ಕಿಂತ ಹೆಚ್ಚಾಗಿ ಅದನ್ನು ಕಾರಿನ ಬಾನೆಟ್ಟಿನ ಕೆಳಗೆ ಹಿಡಿಸಲು ಮಾಡಿಕೊಂಡ ಒಂದು ರಾಜಿಯ ಫಲ. ಸುಮಾರು ಐವತ್ತು ವರ್ಷ ಕಾರಿನವರು ತೆತ್ತದ್ದು ಆ ರಾಜಿಯ ಬೆಲೆಯನ್ನು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಪಿಸ್ಟನ್ ಗಾಳಿಯನ್ನು ಅದುಮಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಹಾಗಾಗಿ ಆ ಬಿಸಿ ಎಷ್ಟು ಉಳಿಯಿತು, ಸುತ್ತಲಿನ ಕಬ್ಬಿಣ ಎಷ್ಟು ಹೀರಿತು ಎಂಬುದೇ ಇಲ್ಲಿ ಎಲ್ಲವೂ. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಪರೀಕ್ಷೆಗೆ ಒಡ್ಡಿದ ಎಂಜಿನ್ನಿಗೆ ಇದ್ದದ್ದು ಒಂದೇ ಸಿಲಿಂಡರು. ಅದರ ಒಳವ್ಯಾಸ 250 ಮಿ.ಮೀ. ಸಿಲಿಂಡರಿನ ಅಳತೆಗಳನ್ನೆಲ್ಲ ಎರಡು ಪಟ್ಟು ಮಾಡಿದರೆ ಒಳಗಿನ ಗಾಳಿ ಎಂಟು ಪಟ್ಟಾಗುತ್ತದೆ, ಬಿಸಿ ಹೀರುವ ಗೋಡೆ ನಾಲ್ಕೇ ಪಟ್ಟಾಗುತ್ತದೆ. ದೊಡ್ಡ ಸಿಲಿಂಡರು ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ಔಗ್ಸ್‌ಬರ್ಗ್‌ನ ಆ ಎಂಜಿನ್ನನ್ನು ಒತ್ತಡದ ಗಾಳಿ ಬಿಟ್ಟು ತಿರುಗಿಸಿದರೆ ಸಾಕಿತ್ತು.

ತೊಂದರೆ ಶುರುವಾದದ್ದು ಎಂಜಿನ್ ಚಿಕ್ಕದಾದಾಗ. ಸಣ್ಣ ಸಿಲಿಂಡರಿನಲ್ಲಿ, ವೇಗವಾಗಿ ತಿರುಗುವ ಎಂಜಿನ್ನಿನಲ್ಲಿ, ಇಂಧನ ಗಾಳಿಯೊಡನೆ ಬೆರೆಯಲು ಸಮಯವೇ ಸಿಗುವುದಿಲ್ಲ. ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ 1909ರಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ಇಂಧನವನ್ನು ನೇರ ಸಿಲಿಂಡರಿಗೆ ಬಿಡದೆ ಪಕ್ಕದ ಪುಟ್ಟ ಕೋಣೆಯೊಂದಕ್ಕೆ ಬಿಡುವುದು. ಅಲ್ಲಿ ಅರೆಬರೆ ಉರಿದು ಕಿರಿದಾದ ರಂಧ್ರಗಳಿಂದ ನುಗ್ಗಿ ಬಂದ ಜ್ವಾಲೆ ಸಿಲಿಂಡರಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಸದ್ದು ಇಳಿಯಿತು, ಪಂಪಿನ ಒತ್ತಡ ಕಡಿಮೆಯಾದರೂ ನಡೆಯಿತು. 1927ರಿಂದ ಬಾಷ್ ಕಂಪನಿ ಇಂಜೆಕ್ಷನ್ ಪಂಪುಗಳನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ಕಾರಿನ ದಾರಿ ತೆರೆಯಿತು. 1936ರಲ್ಲಿ ಬರ್ಲಿನ್‌ನಲ್ಲಿ ಮರ್ಸಿಡಿಸ್ 260 ಡಿ ಪ್ರದರ್ಶನಕ್ಕೆ ಬಂತು: 2.5 ಲೀಟರ್, 45 ಅಶ್ವಶಕ್ತಿ. ಆದರೆ ಉಪಾಯದ ಬೆನ್ನಿಗೇ ಶಿಕ್ಷೆಯೂ ಇತ್ತು. ಅದುಮಿದ ಗಾಳಿ ಆ ತಣ್ಣನೆಯ ರಂಧ್ರಗಳಲ್ಲಿ ತೂರಿ ಕೋಣೆ ಸೇರುವಷ್ಟರಲ್ಲಿ ಬಿಸಿ ಕಳೆದುಕೊಂಡಿರುತ್ತಿತ್ತು. ಹಾಗಾಗಿ ಕೋಣೆಯೊಳಗೇ ಒಂದು ಹೀಟರ್ ಪ್ಲಗ್ ಕೂರಿಸಬೇಕಾಯಿತು.

ಆ ಹೀಟರ್ ವ್ಯವಸ್ಥೆಯನ್ನು ಹತ್ತಿರದಿಂದ ನೋಡಬೇಕು. 1950–60ರ ದಶಕಗಳ ಮರ್ಸಿಡಿಸ್ ಡೀಸೆಲ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಗುಂಡಿಯೊಂದಿತ್ತು. ಅರ್ಧ ಎಳೆದರೆ ಹೀಟರ್, ಪೂರ್ತಿ ಎಳೆದರೆ ಸೆಲ್ಫ್. ಪಕ್ಕದ ಪುಟ್ಟ ಕಿಂಡಿಯಲ್ಲಿ ಒಂದು ತಂತಿಸುರುಳಿ ನಿಧಾನವಾಗಿ ಕೆಂಪಾಗುತ್ತಿತ್ತು. ನಾಲ್ಕೂ ಪ್ಲಗ್ಗುಗಳೂ ಈ ಸುರುಳಿಯೂ ಒಂದೇ ಸರಣಿಯಲ್ಲಿದ್ದವು. ಒಂದು ಪ್ಲಗ್ ಸುಟ್ಟರೂ ಎಲ್ಲವೂ ತಣ್ಣಗೆ, ಕಿಂಡಿಯೂ ಕತ್ತಲು. ಯಾವುದು ಸುಟ್ಟಿದೆ ಎಂದು ಪತ್ತೆಹಚ್ಚಲು ಬಾನೆಟ್ ಎತ್ತಿ ಒಂದೊಂದು ಪ್ಲಗ್ಗಿನ ಎರಡು ತುದಿಗಳನ್ನೂ ಸ್ಕ್ರೂಡ್ರೈವರ್‌ನಿಂದ ಜೋಡಿಸಿ ನೋಡಬೇಕಿತ್ತು. ಇದನ್ನು ಟ್ಯಾಕ್ಸಿಯವರು ಸಹಿಸಿದರೆ ಆಶ್ಚರ್ಯವಿಲ್ಲ: ಅವರ ಎಂಜಿನ್ ದಿನಕ್ಕೆ ಒಮ್ಮೆ ತಣ್ಣಗಿರುತ್ತಿತ್ತು, ಉಳಿದಂತೆ ಓಡುತ್ತಲೇ ಇರುತ್ತಿತ್ತು.

ಸಣ್ಣ ಎಂಜಿನ್ ಎಂದ ಮೇಲೆ ಹೀಟರ್ ತಪ್ಪದು, ಇದರಲ್ಲಿ ರಾಜಿಯ ಮಾತೇಕೆ ಎಂದು ಕೇಳಬಹುದು. ಉತ್ತರ ಮ್ಯಾಂಚೆಸ್ಟರ್ ಬಳಿಯ ಗಾರ್ಡ್ನರ್ ಕಾರ್ಖಾನೆಯಲ್ಲಿದೆ. ಅದೇ 1930ರ ದಶಕದಲ್ಲಿ ಅಲ್ಲಿ ತಯಾರಾದ 4ಎಲ್‌ಕೆ ಎಂಜಿನ್ನಿನ ಸಿಲಿಂಡರ್ ವ್ಯಾಸ 95 ಮಿ.ಮೀ., ಮರ್ಸಿಡಿಸ್‌ನ 90ಕ್ಕಿಂತ ತುಸುವೇ ಹೆಚ್ಚು. ಇಂಧನ ನೇರ ಸಿಲಿಂಡರಿಗೇ, ಹೀಟರ್ ಇಲ್ಲ. ಗಾರ್ಡ್ನರ್ ಎಂಜಿನ್ನುಗಳು ತಣ್ಣಗಿದ್ದಾಗಲೂ ಸಲೀಸಾಗಿ ಹೊತ್ತಿಕೊಳ್ಳುವುದಕ್ಕೇ ಹೆಸರಾಗಿದ್ದವು. ಅವುಗಳ ಕೊರತೆ ಬೇರೆ: ತೂಕ, ಸದ್ದು, ನಿಧಾನಗತಿ. ಕಾರಿನವರು ಬಯಸಿದ್ದು ನಯವನ್ನು, ತೆತ್ತದ್ದು ಚಳಿಯ ಬೆಳಗನ್ನು. ಬರೀ ಹೆಚ್ಚು ಅದುಮಿದರೂ ಆ ಸಾಲ ತೀರಲಿಲ್ಲ. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್ ಗಾಳಿಯನ್ನು ಇಪ್ಪತ್ತಮೂರರಲ್ಲಿ ಒಂದು ಭಾಗಕ್ಕಿಂತಲೂ ಕಿರಿದಾಗಿ ಅದುಮುತ್ತಿತ್ತು, ಆದರೂ ಹೀಟರ್ ಬೇಡಿತು. ಹಿಮದ ಸೋಂಕೇ ಇಲ್ಲದ ನಮ್ಮಲ್ಲೂ ಡೀಸೆಲ್ ಅಂಬಾಸಿಡರ್‌ಗೆ ಬೆಳಗ್ಗೆ ಹೀಟರ್ ಬೇಕಿತ್ತು. ಪಕ್ಕದಲ್ಲಿ ನಿಂತ ಲೇಲ್ಯಾಂಡ್ ಲಾರಿಗೆ ಬೇಕಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೊರೆಯುವ ನಾಡುಗಳಲ್ಲಿ ದೊಡ್ಡ ಡೀಸೆಲ್‌ಗಳೂ ಸೋತಿಲ್ಲವೇ? ಸೋತಿವೆ. ಸೋವಿಯತ್ ಟಿ-34 ಟ್ಯಾಂಕಿನ ಡೀಸೆಲ್‌ಗೆ ವಿದ್ಯುತ್ ಸ್ಟಾರ್ಟರ್ ಸಾಲದೇ ಹೋದರೆ ಎಂದು ಒತ್ತಡದ ಗಾಳಿಯ ಸಿಲಿಂಡರುಗಳನ್ನೂ ಇಟ್ಟಿದ್ದರು. ಆದರೆ ಅಲ್ಲಿನ ಶತ್ರುಗಳು ಬೇರೆ. ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿ ಸೊರಗುತ್ತದೆ. ಇವೆರಡೂ ಪೆಟ್ರೋಲ್ ಗಾಡಿಯನ್ನೂ ಬಿಡುವುದಿಲ್ಲ. ಮೂರನೆಯದು ಡೀಸೆಲ್ ಎಣ್ಣೆಯಲ್ಲಿರುವ ಮೇಣ. ಅದು ಹೆಪ್ಪುಗಟ್ಟಿ ಫಿಲ್ಟರನ್ನೇ ಮುಚ್ಚಿಬಿಡುತ್ತದೆ. ಇದು ಎಂಜಿನ್ನಿನ ದೋಷವಲ್ಲ, ಎಣ್ಣೆಯದು. ಹಿಂದೆ ಚಾಲಕರು ಸೀಮೆಎಣ್ಣೆ ಬೆರೆಸಿ ಸುಧಾರಿಸುತ್ತಿದ್ದರು.

ರಾಜಿ ಮುರಿದದ್ದು 1980ರ ದಶಕದ ಕೊನೆಗೆ. ಫಿಯಟ್ ಕ್ರೋಮಾ, ಅದರ ಹಿಂದೆ 1989ರಲ್ಲಿ ಆಡಿ 100 ಟಿಡಿಐ, ಪಕ್ಕದ ಕೋಣೆಯನ್ನು ಕಿತ್ತೊಗೆದು ಇಂಧನವನ್ನು ಮತ್ತೆ ನೇರ ಸಿಲಿಂಡರಿಗೇ ಬಿಟ್ಟವು. ಸ್ಮರಣೆಯ ನಿಮಿಷ ಕೆಲವೇ ಸೆಕೆಂಡಿಗೆ ಇಳಿಯಿತು. ಇಂದಿನ ಕಾರುಗಳಲ್ಲೂ ಹೀಟರ್ ಪ್ಲಗ್ ಉಳಿದಿದೆಯಲ್ಲ ಎಂದರೆ, ಹೌದು, ಉಳಿದಿದೆ. ಆದರೆ ಹೊಗೆ ಕಡಿಮೆ ಮಾಡಲು ಈಗ ಗಾಳಿಯನ್ನು ಮೊದಲಿಗಿಂತ ಕಡಿಮೆ ಅದುಮುತ್ತಾರೆ, ಅದಕ್ಕಾಗಿ ಎಂಜಿನ್ ಹೊತ್ತಿಕೊಂಡ ಮೇಲೂ ಪ್ಲಗ್ ಸ್ವಲ್ಪ ಹೊತ್ತು ಕಾದೇ ಇರುತ್ತದೆ. ಇನ್ನು ಉಳಿದದ್ದು ಮೇಣ. ಅದರ ಹೊಣೆ ರಿಫೈನರಿಯದು: ಲಡಾಖ್‌ಗೆಂದು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ, ಅದು ತಯಾರಾಗುವುದು ಪಾಣಿಪತ್‌ನಲ್ಲಿ.