ಕೀವಿನಾಚೆಗೆ ನೋಡಿದ ಶಸ್ತ್ರವೈದ್ಯ

ಕೀವುಗಟ್ಟಿದ ಬಾವನ್ನು ಕೊಯ್ದು ಬರಿದು ಮಾಡುವುದು ಶಸ್ತ್ರವೈದ್ಯದ ಅತಿ ಪುರಾತನ ಕ್ರಮಗಳಲ್ಲೊಂದು. ಹತ್ತನೆಯ ಶತಮಾನದ ಸ್ಪೇನಿನಲ್ಲಿ, ಕೊರ್ದೋವಾದ ಬಳಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ‘ಅತ್ತಸ್ರೀಫ್’ ಎಂಬ ತಮ್ಮ 30 ಭಾಗಗಳ ವೈದ್ಯಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟರು. ಬಾವು ಕೊಯ್ಯುವಾಗ ರೋಗಿ ಬೆದರದಿರಲೆಂದು ಅಲಗನ್ನು ಮರೆಮಾಡಿದ ಚಾಕುವನ್ನೂ ಅವರು ವರ್ಣಿಸಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಆ ಭಾಗವು ಲ್ಯಾಟಿನ್ ಭಾಷೆಗೆ ಅನುವಾದಗೊಂಡು, ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಠ್ಯವಾಯಿತು.

ಆದರೆ ಕೊಯ್ದು ಕೀವು ತೆಗೆದರೂ ಸೋಲದ ವ್ಯಾಧಿಯೊಂದಿತ್ತು. ಮಗುವಿಗೆ ಹಾಲುಣಿಸದ ಸ್ತ್ರೀಯರಲ್ಲೂ ಮೊಲೆತೊಟ್ಟಿನ ಅಂಚಿನಲ್ಲಿ ಬಾವು ಏಳುತ್ತಿತ್ತು, ಒಡೆದು ಮಾಯುತ್ತಿತ್ತು, ಕೆಲವು ತಿಂಗಳ ಬಳಿಕ ಅದೇ ಜಾಗದಲ್ಲಿ ಮರಳುತ್ತಿತ್ತು. ಒಬ್ಬಳೇ ಸ್ತ್ರೀ ಹಲವು ಬಾರಿ ಕತ್ತಿಗೆ ಮೈಯೊಡ್ಡಬೇಕಾಗುತ್ತಿತ್ತು.

1951ರಲ್ಲಿ ಅಮೆರಿಕದ ಝುಸ್ಕಾ, ಕ್ರೈಲ್ ಮತ್ತು ಏಯರ್ಸ್ ಎಂಬ ವೈದ್ಯರು ಇಂತಹ ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ದೋಷವಿದ್ದುದು ಕೀವಿನಲ್ಲಲ್ಲ, ತೊಟ್ಟಿನ ಕೆಳಗಿನ ಹಾಲಿನ ನಾಳದಲ್ಲಿ ಎಂದು ಅವರು ತೋರಿಸಿದರು. ನಾಳದ ಒಳಪದರವು ಚರ್ಮದಂತೆ ಮಾರ್ಪಟ್ಟು, ಉದುರಿದ ಕೆರಟಿನ್ ಬಿರಟೆಯಂತೆ ಕಟ್ಟಿಕೊಳ್ಳುತ್ತದೆ. ಮುಚ್ಚಿದ ನಾಳ ಹಿಗ್ಗಿ ಒಡೆಯುತ್ತದೆ. ಸೋಂಕು ಹೊರಬರಲು ಚರ್ಮದವರೆಗೆ ಸುರಂಗ ಕೊರೆಯುತ್ತದೆ. ಆದುದರಿಂದ ಕೀವು ಮತ್ತು ಉರಿಯೂತ ಶಮನವಾದ ಮೇಲೆ, ಆ ಸುರಂಗವನ್ನು ರೋಗಗ್ರಸ್ತ ನಾಳದೊಂದಿಗೆ ಕತ್ತರಿಸಿ ತೆಗೆಯುವುದು ಶಾಶ್ವತ ಪರಿಹಾರದ ಮಾರ್ಗವಾಯಿತು. 1960ರಲ್ಲಿ ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ ಅವರು ತೊಟ್ಟಿನ ಕೆಳಗಿನ ಮುಖ್ಯ ನಾಳಗಳನ್ನೆಲ್ಲ ತೆಗೆಯುವ ವಿಧಾನವನ್ನು ವಿವರಿಸಿದರು. ನಾಳ ಉಳಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಧೂಮಪಾನಕ್ಕೂ ಈ ರೋಗಕ್ಕೂ ಬಲವಾದ ಸಂಬಂಧವಿದೆಯೆಂಬುದು ಮುಂದೆ ತಿಳಿದುಬಂತು. ಆದರೆ ಧೂಮಪಾನ ಮಾಡದವರನ್ನೂ ಅದು ಬಿಟ್ಟಿಲ್ಲ.

ಬಾಣಂತಿಯರ ಬಾವು ಬೇರೆ ಬಗೆಯದು. ಇಂದು ಅದರ ಕೀವನ್ನು ಅನೇಕ ವೇಳೆ ಸ್ಕ್ಯಾನಿಂಗ್ ನೆರವಿನಿಂದ ಸೂಜಿಯ ಮೂಲಕವೇ ತೆಗೆಯುತ್ತಾರೆ. ಸಾಮಾನ್ಯವಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಲಜ್ಜೆಯಿಂದ ಈ ನೋವನ್ನು ಬಚ್ಚಿಡುವ ಸೋದರಿಯರು ನಮ್ಮ ಮನೆಗಳಲ್ಲೂ ಇರಬಹುದು. ಲಜ್ಜೆ ಸದ್ಗುಣವೇ ಸರಿ, ಆದರೆ ಚಿಕಿತ್ಸೆಗೆ ಅದು ಅಡ್ಡಿಯಾಗಬಾರದು. ಸ್ತನದ ಕೆಲವು ಕ್ಯಾನ್ಸರ್‌ಗಳೂ ಬಾವಿನ ರೂಪದಲ್ಲೇ ಕಾಣಿಸಿಕೊಳ್ಳುವುದರಿಂದ, ಮರಳಿ ಬರುವ ಬಾವನ್ನು ವೈದ್ಯರಿಗೆ ತೋರಿಸಲೇಬೇಕು. ಕೀವು ಹೋದೊಡನೆ ರೋಗ ಹೋಯಿತೆಂದು ಭಾವಿಸದೆ, ಅದರ ಮೂಲವನ್ನು ಅರಸಬೇಕೆಂಬುದೇ ಈ ಚರಿತ್ರೆಯ ಪಾಠ.