ಕಬ್ಬಿನಿಂದ ಇಂಧನ

ಹೊಲದ ಬೆಳೆಯಿಂದ ಮೋಟಾರು ಗಾಡಿಯನ್ನು ಓಡಿಸಬಹುದೆಂಬುದು ಹೊಸ ಕಲ್ಪನೆಯಲ್ಲ. ಆಮದಾಗುವ ಪೆಟ್ರೋಲಿಗೆ ನೂರಕ್ಕೆ 5 ಪಾಲು ಮದ್ಯಸಾರವನ್ನು, ಎಂದರೆ ಎಥನಾಲನ್ನು, ಬೆರೆಸತಕ್ಕದ್ದೆಂದು ಬ್ರೆಜಿಲ್ ಸರ್ಕಾರವು 1931ರಲ್ಲಿಯೇ ವಿಧಿಸಿತು. 1973ರಲ್ಲಿ ಎಣ್ಣೆಯ ಬೆಲೆ ವಿಪರೀತವಾಗಿ ಏರಲು, ಬಹುಪಾಲು ಎಣ್ಣೆಯನ್ನು ಹೊರಗಿನಿಂದ ತರಿಸುತ್ತಿದ್ದ ಆ ದೇಶವು ಕಂಗೆಟ್ಟು, 1975ರಲ್ಲಿ ಮದ್ಯಸಾರದ ದೊಡ್ಡ ಯೋಜನೆಯೊಂದನ್ನು ಕೈಕೊಂಡಿತು. ಕಬ್ಬಿನ ರಸವನ್ನು ಹುಳಿಯಿಸಿ ಭಟ್ಟಿಯಿಳಿಸಿದ ಈ ದ್ರವಕ್ಕೆ ಒಗ್ಗುವ ಯಂತ್ರವನ್ನು ಉರ್ಬಾನೊ ಸ್ಟುಂಫ್ ಮೊದಲಾದ ಶೋಧಕರು ಸಿದ್ಧಗೊಳಿಸಿದರು. 1979ರಲ್ಲಿ ಮದ್ಯಸಾರದಿಂದಲೇ ಓಡುವ ಗಾಡಿಗಳು ಮಾರಾಟಕ್ಕೆ ಬಂದುವು. ಕೆಲವೇ ವರ್ಷಗಳಲ್ಲಿ ಹೊಸ ಗಾಡಿಗಳಲ್ಲಿ ಬಹುಭಾಗ ಅವೇ ಆದುವು.

ಆದರೆ 1986ರಲ್ಲಿ ಎಣ್ಣೆಯ ಬೆಲೆ ಕುಸಿಯಿತು. ಬಳಿಕ ಸಕ್ಕರೆಗೆ ಒಳ್ಳೆಯ ಬೆಲೆ ಬರಲು ಕಾರ್ಖಾನೆಗಳು ಅತ್ತ ತಿರುಗಿದುವು. 1989ರಲ್ಲಿ ಮದ್ಯಸಾರವು ಸಾಲದಾಗಿ, ಯೋಜನೆಯನ್ನು ನಂಬಿ ಗಾಡಿ ಕೊಂಡ ಜನರು ಪಂಪುಗಳ ಮುಂದೆ ಸಾಲುಗಟ್ಟಿ ನಿಂತರು. ಕಳೆದ ನಂಬಿಕೆ ಮರಳತೊಡಗಿದುದು 2003ರಲ್ಲಿ, ಪೆಟ್ರೋಲು ಮದ್ಯಸಾರಗಳೆರಡನ್ನೂ ಹೇಗೆ ಬೆರೆಸಿದರೂ ಉರಿಸಬಲ್ಲ ಗಾಡಿಯು ಬಂದ ಮೇಲೆ.

ಒಂದೇ ಕಬ್ಬಿಗೆ ಸಕ್ಕರೆಯ ಪೇಟೆ, ಇಂಧನದ ಪೇಟೆ ಎಂದು ಎರಡಿರುವಾಗ, ಜನಕ್ಕೆ ಇಂಧನವು ತಪ್ಪದೆ ದೊರೆಯುವಂತೆ ಮಾಡುವುದು ಯಂತ್ರವನ್ನು ಕಟ್ಟುವುದಕ್ಕಿಂತ ಕಠಿನವಾದ ಕಾರ್ಯ. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲಿನ ಮಟ್ಟವನ್ನು 2025ರಲ್ಲಿ ಮುಟ್ಟಿದ ದೇಶದವರಾದ ನಾವು ಈ ಚರಿತ್ರೆಯನ್ನು ಮರೆಯಲಾಗದು.